ಗಣಕಯಂತ್ರ ಗುರುವಾಗಬಲ್ಲದೇ?



ಮಕ್ಕಳನ್ನು ಶಾಲೆಗೆ ಸೇರಿಸುವ ಕಾಲ ಬಂತೆಂದರೆ ಗಾವಡಗೆರೆಯಂಥ ಊರಿನಲ್ಲೂ ತಂದೆತಾಯಂದಿರ ಬಾಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಸ್ಕೂಲಲ್ಲಿ ಕಂಪ್ಯೂಟರ್ ಇದೆಯಾ? ಸ್ಮಾರ್ಟ್ ಕ್ಲಾಸ್ ಇದೆಯಾ?" ಕೇಳುವುದರಲ್ಲಿ ತಪ್ಪೇನೂ ಇಲ್ಲ. ಹೊಲದಲ್ಲಿ ಬೆವರು ಸುರಿಸಿದ ಹಣವನ್ನು ಶುಲ್ಕವಾಗಿ ಕಟ್ಟುವವರು, ತಮ್ಮ ಮಗು ಮೈಸೂರಿನ ಮಗುವಿಗಿಂತ ಹಿಂದೆ ಬೀಳಬಾರದೆಂದು ಬಯಸುವುದು ನ್ಯಾಯವೇ. ಆದರೆ ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಇದೆ. ಕಲಿಸುವುದು ಎಂದರೇನು? ಇದಕ್ಕೆ ಉತ್ತರ ಕಂಡುಕೊಳ್ಳದೆ ಯಂತ್ರ ಬೇಕೋ ಬೇಡವೋ ಎಂದು ವಾದಿಸಿ ಫಲವಿಲ್ಲ.

ಸಂತ ಅಗಸ್ಟೀನರು ನಾಲ್ಕನೆಯ ಶತಮಾನದ ಕೊನೆಯಲ್ಲಿ ತಮ್ಮ ಮಗನೊಡನೆ ನಡೆಸಿದ ಸಂವಾದವೊಂದನ್ನು 'ಗುರು' ಎಂಬ ಹೆಸರಿನಲ್ಲಿ ಬರೆದಿಟ್ಟಿದ್ದಾರೆ. ಮಾತು ಕೇವಲ ಗುರುತು, ಅದು ತೋರಿಸಿದ ಸತ್ಯವನ್ನು ಶಿಷ್ಯನು ತನ್ನೊಳಗೇ ಕಂಡುಕೊಳ್ಳಬೇಕು ಎಂಬುದು ಅದರ ಸಾರ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಗುರುವನ್ನು ವೈದ್ಯನಿಗೆ ಹೋಲಿಸಿದರು. ಗಾಯ ಮಾಯುವುದು ದೇಹದ ಸ್ವಂತ ಶಕ್ತಿಯಿಂದ. ವೈದ್ಯನು ಆ ಶಕ್ತಿಗೆ ನೆರವಾಗುತ್ತಾನೆ. ಹಾಗೆಯೇ ಅರಿವು ಮೂಡುವುದು ಮಗುವಿನ ಬುದ್ಧಿಯಲ್ಲಿ. ಗುರು ಅದಕ್ಕೆ ಒತ್ತಾಸೆಯಾಗುತ್ತಾನೆ. ಈ ದೃಷ್ಟಿಯಿಂದ ನೋಡಿದರೆ ಗಣಕಯಂತ್ರದ ಸ್ಥಾನ ಯಾವುದು? ಅದು ವೈದ್ಯನ ಪೆಟ್ಟಿಗೆಯಲ್ಲಿರುವ ಔಷಧಿ. ಔಷಧಿ ಬಲವಾದುದೇ. ಆದರೆ ರೋಗಿಯ ನಾಡಿ ಹಿಡಿದು ನೋಡುವುದು ಅದರ ಕೆಲಸವಲ್ಲ.

ಔಷಧಿಯ ಗುಣವನ್ನು ಅಲ್ಲಗಳೆಯುವುದೂ ಸರಿಯಲ್ಲ. ಹೃದಯ ಹೇಗೆ ಬಡಿಯುತ್ತದೆ, ಗ್ರಹಣ ಹೇಗೆ ಆಗುತ್ತದೆ ಎಂಬುದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುವುದಕ್ಕಿಂತ ಪರದೆಯ ಮೇಲೆ ಚಲಿಸುವ ಚಿತ್ರವಾಗಿ ತೋರಿಸಿದರೆ ಮಗುವಿಗೆ ಬೇಗ ಹೊಳೆಯುತ್ತದೆ. ಕಣ್ಣು ಕಾಣದ ಮಗುವಿಗೆ ಕನ್ನಡದ ಪಾಠವನ್ನು ಗಣಕಯಂತ್ರವೇ ಓದಿ ಹೇಳಬಲ್ಲದು. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯ 'ಸಂವೇದ' ಪಾಠಗಳು ಹಳ್ಳಿಯ ಮನೆಗಳಿಗೂ ಬಂದವು. ಇವೆಲ್ಲ ಉಪಕಾರಗಳೇ.

ಆದರೆ ನಮ್ಮ ರಾಜ್ಯದ ಅನುಭವ ಏನನ್ನು ಹೇಳುತ್ತದೆ? 2001ರಲ್ಲಿ ಸರ್ಕಾರ 'ಮಾಹಿತಿ ಸಿಂಧು' ಯೋಜನೆಯಡಿ ಸಾವಿರ ಪ್ರೌಢಶಾಲೆಗಳಿಗೆ ಗಣಕಯಂತ್ರಗಳನ್ನು ಕೊಡಲು ಹೊರಟಿತು. ಯಂತ್ರವನ್ನು ಒದಗಿಸುವ, ಅದನ್ನು ಕಲಿಸುವ ಹೊಣೆ ಖಾಸಗಿ ಕಂಪನಿಗಳ ಪಾಲಾಯಿತು. ಕಂಪ್ಯೂಟರ್ ಕೋಣೆಯ ಪಾಠ ಒಂದು ಕಡೆ, ಗಣಿತ-ವಿಜ್ಞಾನದ ಮೇಷ್ಟ್ರ ಪಾಠ ಇನ್ನೊಂದು ಕಡೆ ಎಂಬಂತಾಯಿತು. ಎಚ್.ಡಿ. ಕೋಟೆಯ ಬಾವಲಿ ಗಡಿಯನ್ನು ದಾಟಿದರೆ ಸಿಗುವ ಕೇರಳ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೇರೆ ದಾರಿ ಹಿಡಿಯಿತು. ಅಲ್ಲಿ ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟು, ಅವರ ಕೈಗೇ ಯಂತ್ರವನ್ನು ಒಪ್ಪಿಸಿದರು. ನಮ್ಮಲ್ಲೂ 2016ರ ನಂತರ 'ಟಾಲ್ಪ್' ಎಂಬ ಕಾರ್ಯಕ್ರಮದಲ್ಲಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಿಗೇ ತರಬೇತಿ ಕೊಡತೊಡಗಿದರು. ಮೇಷ್ಟ್ರನ್ನು ಬದಿಗಿಟ್ಟು ಯಂತ್ರ ತಂದರೆ ಅದು ಪಾಠದೊಳಗೆ ಇಳಿಯುವುದಿಲ್ಲ ಎಂಬುದು ಇದರಿಂದ ನಾವು ಕಲಿಯಬೇಕಾದ ಮಾತು.

ಇನ್ನೊಂದು ಸಂಗತಿ ನ್ಯಾಯಕ್ಕೆ ಸೇರಿದ್ದು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧಕರು ಹಳ್ಳಿ ಶಾಲೆಗಳಲ್ಲಿ ಒಂದು ವಿಷಯವನ್ನು ಗಮನಿಸಿದರು. ಒಂದೇ ಯಂತ್ರದ ಸುತ್ತ ಹಲವು ಮಕ್ಕಳು ಕೂತಿರುತ್ತಾರೆ. ಒಂದು ಮಗು ಮೌಸ್ ಹಿಡಿದಿರುತ್ತದೆ, ಉಳಿದವು ನೋಡುತ್ತಿರುತ್ತವೆ. 2006ರ ಹೊತ್ತಿಗೆ ಅವರು ಒಂದೇ ಗಣಕಯಂತ್ರಕ್ಕೆ ಹಲವು ಮೌಸ್‌ಗಳನ್ನು ಜೋಡಿಸುವ ಉಪಾಯ ಕಂಡುಹಿಡಿದರು. ಜಾಣ ಉಪಾಯವೇ ಸರಿ. ಆದರೆ ಹಿಂದಿನ ಸಾಲಿನಲ್ಲಿ ಸಂಕೋಚದಿಂದ ಮುದುಡಿ ಕುಳಿತ ಹುಡುಗಿಯನ್ನು ಹೆಸರು ಹಿಡಿದು ಕರೆದು, "ಬಾಮ್ಮ, ಈಗ ನಿನ್ನ ಸರದಿ" ಎನ್ನಲು ಒಬ್ಬ ಟೀಚರ್ ಬೇಕೇ ಬೇಕು.

"ಫಾದರ್, ಈಗಿನ ಕೃತಕ ಬುದ್ಧಿಮತ್ತೆ ನಾಡಿಯನ್ನೂ ಹಿಡಿದು ನೋಡುತ್ತದಲ್ಲ?" ಎಂದು ನೀವು ಕೇಳಬಹುದು. ಮಗು ಯಾವ ಲೆಕ್ಕದಲ್ಲಿ ತಪ್ಪಿತು ಎಂಬುದನ್ನು ಅದು ಗುರುತಿಸಬಲ್ಲದು, ಸರಿಯಾದ ಇನ್ನೊಂದು ಲೆಕ್ಕವನ್ನು ಮುಂದಿಡಬಲ್ಲದು, ನಿಜ. ಆದರೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಸುಗ್ಗಿಯಲ್ಲಿ ಮಗುವೊಂದು ವಾರಗಟ್ಟಲೆ ತರಗತಿಗೆ ಬಾರದೆ ಬ್ಯಾರನ್ ಮುಂದೆ ಕಡ್ಡಿಗೆ ಸೊಪ್ಪು ಕಟ್ಟುತ್ತಾ ಕೂತರೆ, ಅದನ್ನು ಹುಡುಕಿಕೊಂಡು ಬರುವವರು ಯಾರು? 2020ರ ಆಗಸ್ಟ್‌ನಲ್ಲಿ 'ವಿದ್ಯಾಗಮ' ಆರಂಭವಾದಾಗ ಶಿಕ್ಷಕರೇ ಊರೂರಿಗೆ ಹೋಗಿ ಮರದ ನೆರಳಲ್ಲಿ, ಗುಡಿಯ ಜಗಲಿಯಲ್ಲಿ ಪಾಠ ಮಾಡಿದರು. 2025ರ ಜನವರಿಯಲ್ಲಿ ವ್ಯಾಟಿಕನ್ ಹೊರಡಿಸಿದ ಕೃತಕ ಬುದ್ಧಿಮತ್ತೆಯ ಕುರಿತ ದಾಖಲೆಯೂ ಗುರುಶಿಷ್ಯರ ಸಂಬಂಧದ ಜಾಗವನ್ನು ಯಂತ್ರ ತುಂಬಲಾರದೆಂದೇ ತಿಳಿಸುತ್ತದೆ.

ಹಾಗಾದರೆ ಶಿಕ್ಷಕರೇ ಇಲ್ಲದ ಕಾಡಂಚಿನ ಶಾಲೆಯಲ್ಲಿ ಪರದೆಯ ಪಾಠವೂ ಬೇಡವೇ? ಬೇಕು. ಹಸಿದವನಿಗೆ ಗಂಜಿಯನ್ನು ನಿರಾಕರಿಸುವುದು ಪಾಪ. ಆದರೆ ಗಂಜಿ ಕೊಟ್ಟೆವೆಂದು ಊಟದ ಹೊಣೆಯನ್ನು ಮರೆಯುವುದೂ ಪಾಪವೇ. ಪಟ್ಟಣದ ಉಳ್ಳವರ ಮಕ್ಕಳಿಗೆ ಶಿಕ್ಷಕರೂ ಯಂತ್ರವೂ, ಹಾಡಿಯ ಮಗುವಿಗೆ ಬರೀ ಯಂತ್ರ ಎಂದಾದರೆ, ನಾವು ಅಸಮಾನತೆಗೇ ವಿದ್ಯುತ್ ಸಂಪರ್ಕ ಕೊಟ್ಟಂತಾಗುತ್ತದೆ. ಖಾಲಿ ಹುದ್ದೆಗೆ ಶಿಕ್ಷಕರು ಬರುವವರೆಗೆ ಪರದೆ ಇರಲಿ. ಪರದೆ ಇದೆಯೆಂಬ ನೆಪದಲ್ಲಿ ಹುದ್ದೆ ಖಾಲಿ ಉಳಿಯದಿರಲಿ.

ಆದ್ದರಿಂದ ತಂದೆತಾಯಂದಿರೇ, ಮುಂದಿನ ಸಲ ಶಾಲೆಯ ಸಭೆಗೆ ಹೋದಾಗ ಕಂಪ್ಯೂಟರ್ ಇದೆಯೇ ಎಂದು ಖಂಡಿತ ಕೇಳಿ. ಅಷ್ಟಕ್ಕೇ ನಿಲ್ಲಿಸಬೇಡಿ. ವಾರಕ್ಕೆ ಎಷ್ಟು ಹೊತ್ತು ನನ್ನ ಮಗಳ ಕೈಗೆ ಮೌಸ್ ಸಿಗುತ್ತದೆ? ಮೇಷ್ಟ್ರು ತಮ್ಮ ಪಾಠದೊಳಗೆ ಅದನ್ನು ಬಳಸುತ್ತಾರೆಯೇ, ಇಲ್ಲಾ ಅದು ಬೀಗ ಹಾಕಿದ ಕೋಣೆಯಲ್ಲಿದೆಯೇ? ಎಷ್ಟು ಶಿಕ್ಷಕರ ಹುದ್ದೆ ಖಾಲಿ ಇದೆ? ಈ ಮೂರನ್ನೂ ಕೇಳಿ. ಬ್ಯಾರನ್ ಕೆಲಸ ಎಷ್ಟೇ ಅವಸರದ್ದಾಗಿದ್ದರೂ ಮಗುವನ್ನು ಶಾಲೆ ಬಿಡಿಸಬೇಡಿ. ಸಂಜೆ ಮನೆಗೆ ಬಂದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇವತ್ತು ಏನು ಕಲಿತೆ?" ಎಂದು ಕೇಳಿ, ಅದು ಹೇಳಿ ಮುಗಿಸುವವರೆಗೆ ನಿಮ್ಮ ಮೊಬೈಲನ್ನು ಪಕ್ಕಕ್ಕಿಡಿ.