ದೋಷದ ನೆಲೆ

ಮಾಂಡಲಿಕ ಗೊಂಕನು 12ನೆಯ ಶತಮಾನದಲ್ಲಿ ಕಟ್ಟಿಸಿದ ನೇಮಿನಾಥ ಜಿನಾಲಯವೂ ಅಲ್ಲಮಪ್ರಭುವಿನ ಗುಡಿಯೂ ಒಂದೇ ಊರಿನಲ್ಲಿ ನಿಂತಿರುವ ತೇರದಾಳದಲ್ಲಿ ವಸ್ತುವಿಗೆ ಹಲವು ಮುಖಗಳುಂಟೆನ್ನುವ ಜೈನರ ಅನೇಕಾಂತವನ್ನು ಕುರಿತು ಚಿಂತಿಸುವುದು ಸಹಜವೇ ಆಗಿದೆ. ಆದರೆ ಎರಡು ನಿರ್ದುಷ್ಟ ವಸ್ತುಗಳು ಕೂಡಿದೊಡನೆ ಹುಟ್ಟುವ ದೋಷವು ಅವೆರಡರಲ್ಲಿ ಯಾವುದನ್ನು ಆಶ್ರಯಿಸಿದೆ ಎಂಬ ಪ್ರಶ್ನೆಗೆ ಗುಡಿಗಳಿಗಿಂತಲೂ ಹಳೆಯ ಗಣಕಯಂತ್ರಗಳು ಸ್ಫುಟವಾದ ದೃಷ್ಟಾಂತವನ್ನು ಒದಗಿಸುತ್ತವೆ.

1981ರ ಐಬಿಎಂ ಪಿಸಿಯಲ್ಲಿ ಹೊರಗಿನ ಕಾರ್ಡುಗಳಿಗೆಂದು ಐದು ಸ್ಲಾಟುಗಳಿದ್ದವು. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಕಾರ್ಡು ಅಂತಹ ಸ್ಲಾಟಿನಲ್ಲಿ ಕುಳಿತೇ, ರೋಮನ್ ಲಿಪಿಗೆಂದು ರಚಿತವಾದ ಡಾಸ್ ತಂತ್ರಾಂಶಗಳಲ್ಲಿ ಕನ್ನಡದ ಒತ್ತಕ್ಷರಗಳನ್ನು ಮೂಡಿಸಿತು. ಆ ಉಪಕಾರವನ್ನು ಕನ್ನಡಿಗರು ಮರೆಯಲಾಗದು. ಆದರೂ ಆ ಕಾಲದ ಕಾರ್ಡುಗಳಿಗೆ ಸ್ಲಾಟು ದೊರೆತ ಮಾತ್ರಕ್ಕೆ ನೆಲೆ ದೊರೆಯುತ್ತಿರಲಿಲ್ಲ. ಯಂತ್ರದ ಗಮನ ಸೆಳೆಯಲು ಇದ್ದ ಇಂಟರಪ್ಟ್ ಮಾರ್ಗಗಳು ಎಂಟೇ. ಅವುಗಳಲ್ಲಿಯೂ ಗಡಿಯಾರ, ಕೀಲಿಮಣೆಗಳ ಪಾಲು ಮೊದಲೇ ಸಂದಿತ್ತು. ಉಳಿದವುಗಳಲ್ಲಿ ಒಂದನ್ನೇ ಎರಡು ಕಾರ್ಡುಗಳು ಬಯಸಿದರೆ, ಅಥವಾ ಒಂದೇ ಪೋರ್ಟಿನ ವಿಳಾಸಕ್ಕೆ ಎರಡೂ ಓಗೊಟ್ಟರೆ, ಬೇರೆಬೇರೆಯಾಗಿ ಪರೀಕ್ಷಿಸಿದಾಗ ನಿಷ್ಕಳಂಕವಾಗಿದ್ದ ಅವು ಜತೆಗೂಡಿ ಯಂತ್ರವನ್ನೇ ಸ್ತಂಭಿಸುವಂತೆ ಮಾಡಬಹುದಾಗಿತ್ತು. ಪರಿಹಾರವೋ, ಕಾರ್ಡಿನ ಮೇಲಿನ ಜಂಪರೆಂಬ ಪುಟ್ಟ ಕೊಂಡಿಯನ್ನು ಕಿತ್ತು ಬೇರೊಂದು ಜೋಡಿ ಪಿನ್ನಿಗೆ ತೊಡಿಸುವಷ್ಟು ಅಲ್ಪವಾದುದು.

ಹಾಗಾದರೆ ಈ ದೋಷದ ನೆಲೆ ಯಾವುದು? ಸಂಯೋಗವು ಎರಡು ದ್ರವ್ಯಗಳಲ್ಲಿ ಏಕಕಾಲಕ್ಕೆ ನೆಲಸುವ ಗುಣವೆಂದು ವೈಶೇಷಿಕರು ಹೇಳಿದರು. ಕಾರ್ಡು ಸ್ಲಾಟಿನೊಡನೆ ಸೇರಿದ್ದನ್ನು ಈ ಲಕ್ಷಣವು ವಿವರಿಸೀತು. ಸೇರಿಯೂ ಹೊಂದದಿರುವುದನ್ನು ವಿವರಿಸಲು ಇದು ಸಾಲದೆಂದು ನನಗೆ ತೋರುತ್ತದೆ. ಜೈನ ತಾರ್ಕಿಕರಾದರೋ, ವಸ್ತುವು ಇದೆಯೆಂಬ ಮಾತನ್ನು ಕೂಡ ಅದರ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಯಿಂದಲೇ ಆಡಬೇಕೆಂದು ವಿಧಿಸಿದರು. 4.77 ಮೆಗಾಹರ್ಟ್ಸ್ ವೇಗದ ಬಸ್ಸಿಗೆಂದು, ಅಂದರೆ ಯಂತ್ರದೊಳಗಿನ ದತ್ತಾಂಶದ ಹಾದಿಗೆಂದು, ನಿರ್ಮಿತವಾದ ಕಾರ್ಡು, ಅನಂತರ ಬಂದ ಶೀಘ್ರಗಾಮಿ ಯಂತ್ರದಲ್ಲಿ ತಡವರಿಸಿದಾಗ, ಅದು ಕೆಟ್ಟಿದೆಯೆಂದು ಎಸೆಯುವವನು ಕಾಲದ ಅಪೇಕ್ಷೆಯನ್ನು ಮರೆತವನು. ಇಬ್ಬರ ವಿಳಾಸವೊಂದೇ ಆದಾಗ ಒಬ್ಬನನ್ನು ಮಾತ್ರ ದೂಷಿಸುವವನು ಕ್ಷೇತ್ರವನ್ನು ಮರೆತವನು.

ಹಾಗಾದರೆ ದೋಷಕ್ಕೆ ಯಾರೂ ಹೊಣೆಯಲ್ಲವೆ ಎಂದು ಕೇಳುವವರುಂಟು. ಈ ಆಕ್ಷೇಪವನ್ನು ನಾನು ಲಘುವಾಗಿ ಎಣಿಸಲಾರೆ. ಆದರೆ ಸಂಬಂಧದಲ್ಲಿ ನೆಲೆಸಿದ ದೋಷವು ಹೊಣೆಯನ್ನು ಕಳೆಯದೆ ಇಮ್ಮಡಿಗೊಳಿಸುತ್ತದೆ, ಏಕೆಂದರೆ ಕೂಡುವ ಉಭಯರೂ ತಮ್ಮ ಅಗತ್ಯವನ್ನು ಮುನ್ನವೇ ಅರುಹಬೇಕಾಗುತ್ತದೆ. ಗಣಕಶಿಲ್ಪಿಗಳು ಈ ಮಾರ್ಗವನ್ನೇ ಹಿಡಿದರು: ಪ್ರತಿಯೊಂದು ಕಾರ್ಡೂ ತನಗೆ ಬೇಕಾದುದನ್ನು ತನ್ನೊಳಗೇ ಬರೆದಿರಿಸಿಕೊಳ್ಳಬೇಕು, ಯಂತ್ರವು ಅದನ್ನು ಓದಿದ ಮೇಲೆಯೇ ವಿಳಾಸಗಳನ್ನು ಹಂಚಬೇಕು ಎಂಬ ಕ್ರಮವು 1992ರ ಪಿಸಿಐ ವಿಧಿಯಲ್ಲಿ ಸೇರಿತು.