ಗೋಲಿನ ಲೆಕ್ಕ, ನಾಲಗೆಯ ಲೆಕ್ಕ

ಆಟ ನೋಡುವುದು ಸರಿಯೇ ತಪ್ಪೇ ಎಂಬ ಚರ್ಚೆಗೆ ನಿಮ್ಮನ್ನು ಕರೆಯುತ್ತಿಲ್ಲ. ನಮಾಝಿನ ವೇಳೆ ತಪ್ಪದಿದ್ದರೆ, ಒಂದಿಷ್ಟು ಹೊತ್ತು ಫುಟ್ಬಾಲ್ ನೋಡುವ ಮಕ್ಕಳನ್ನು ಗದರಿಸಲು ನನಗೆ ಮನಸ್ಸಿಲ್ಲ. ನನ್ನ ಪ್ರಶ್ನೆ ಬೇರೆ. ನೋಡುತ್ತಾ ನಾವು ಆಡುವ ಮಾತಿಗೆ ಲೆಕ್ಕವಿಲ್ಲವೇ?

2023ರ ಜೂನ್ 21ರಿಂದ ಜುಲೈ 4ರವರೆಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್ ನಡೆದದ್ದು ನಿಮಗೆ ನೆನಪಿರಬಹುದು. ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಅಕ್ಕನ ಮಗ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೋಲು ಹೊಡೆದವರ ಪಟ್ಟಿ ಬರೆಯತೊಡಗಿದ್ದ. ಸುನಿಲ್ ಛೆಟ್ರಿ ಪಾಕಿಸ್ತಾನದ ವಿರುದ್ಧ 3, ನೇಪಾಳದ ವಿರುದ್ಧ 1. ಜೂನ್ 27ರಂದು ಕುವೈತ್ ವಿರುದ್ಧ ಇನ್ನೊಂದು. ಭಾರತ ಗೆದ್ದೇಬಿಟ್ಟಿತು ಎನ್ನುವಷ್ಟರಲ್ಲಿ, ಕೊನೆಯ ನಿಮಿಷಗಳಲ್ಲಿ ರಕ್ಷಣಾ ಆಟಗಾರ ಅನ್ವರ್ ಅಲಿ ತಡೆಯಲು ಹೋದ ಚೆಂಡು ನಮ್ಮದೇ ಬಲೆಗೆ ಬಿತ್ತು. 1–1.

ಹುಡುಗ ಒಂದು ಕೆಟ್ಟ ಮಾತಾಡಿದ. ನಾಚಿಕೆಯಿಂದ ಹೇಳುತ್ತೇನೆ, ನಾನೂ ಒಂದು ಸೇರಿಸಿದೆ. ಅಕ್ಕ ಅಡುಗೆಮನೆಯಿಂದ ಇಣುಕಿ, "ಯಾರಿಗೆ ಬೈತಿದ್ದೀರಿ?" ಎಂದಳು. "ಅವರಿಗೇನು ಕೇಳಿಸುತ್ತಾ, ಮಾಮು?" ಎಂದು ಹುಡುಗ ನನ್ನ ಮುಖ ನೋಡಿದ.

ಕೇಳಿಸದು, ನಿಜ. ಆದರೆ ಗೀಬತ್ ಎಂದರೆ ಎದುರಿಗಿಲ್ಲದವರ ಬಗ್ಗೆ ಆಡುವ ಮಾತೇ ಅಲ್ಲವೇ? ಪರಿಹಾಸ್ಯ, ಅಡ್ಡಹೆಸರು, ಪರದೂಷಣೆ ಇವೆಲ್ಲವನ್ನೂ ಸೂರಃ ಅಲ್ ಹುಜುರಾತ್ ನಿಷೇಧಿಸುವಾಗ, ಟಿ.ವಿ.ಯಲ್ಲಿ ಕಾಣುವವರಿಗೆ ವಿನಾಯಿತಿ ಕೊಟ್ಟಿಲ್ಲ. 'ಚೆಂಡನ್ನು ಸರಿಯಾಗಿ ತಡೆಯಲಿಲ್ಲ' ಎನ್ನುವುದು ಆಟದ ಮಾತು. ನಾವಾಡಿದ್ದು ಅದಾಗಿರಲಿಲ್ಲ. ಎರಡು ದಿನ ಕಳೆದು ಬಕ್ರೀದ್ ಬಂತು. ನಮಾಝ್ ಮುಗಿಸಿ ನೆರೆಯವರನ್ನೆಲ್ಲ ಅಪ್ಪಿಕೊಂಡು ಮಾಫಿ ಕೇಳಿದೆವು. ಈತನನ್ನು ಎಲ್ಲಿ ಹುಡುಕಿ ಕೇಳುವುದು?

ಅನ್ವರ್ ಅಲಿಗೆ ಹೃದಯದ ಕಾಯಿಲೆ ಇದೆಯೆಂದು 2019ರಲ್ಲಿ ಗೊತ್ತಾಗಿತ್ತು. ಆಡಬೇಡವೆಂದು ತಡೆದಾಗ ಅವರು ದೆಹಲಿ ಹೈಕೋರ್ಟಿನವರೆಗೆ ಹೋಗಿ, ಮತ್ತೆ ಮೈದಾನಕ್ಕೆ ಮರಳಿದವರು. ಜುಲೈ 1ರಂದು ಲೆಬನಾನ್ ವಿರುದ್ಧದ ಸೆಮಿಫೈನಲ್ ಪೆನಾಲ್ಟಿ ಶೂಟೌಟ್‌ಗೆ ಹೋದಾಗ ಭಾರತದ ನಾಲ್ಕು ಒದೆತಗಳಲ್ಲಿ ಒಂದು ಅವರದು, ಅದು ಗುರಿ ಸೇರಿತು. ಶೂಟೌಟ್ ಗೋಲುಗಳು ಆಟಗಾರನ ಲೆಕ್ಕಕ್ಕೆ ಸೇರುವುದಿಲ್ಲ. ತನ್ನದೇ ಬಲೆಗೆ ಬಿದ್ದ ಚೆಂಡು ಮಾತ್ರ ಹೆಸರಿನ ಮುಂದೆ ಉಳಿಯುತ್ತದೆ. ಹುಡುಗನ ಪಟ್ಟಿಯಲ್ಲಿ ಒಂದು ಅಂಕಿಯೂ ಸುಳ್ಳಾಗಿರಲಿಲ್ಲ. ಆದರೂ ಆ ಮನುಷ್ಯನ ಬಗ್ಗೆ ಅದು ನ್ಯಾಯವನ್ನು ಹೇಳುತ್ತಿರಲಿಲ್ಲ. ಪಟ್ಟಿಯದೇನೂ ತಪ್ಪಿಲ್ಲ, ಅದನ್ನೇ ತೀರ್ಪೆಂದು ಓದಿದವರು ನಾವು.

ಮಾಫಿ ಕೇಳಲು ಆಗದ ಕಡೆ, ಕೆಟ್ಟದ್ದಾಡಿದ ಜಾಗದಲ್ಲೇ ಅವರ ಒಳ್ಳೆಯದನ್ನು ಹೇಳಿ, ಅವರಿಗಾಗಿ ದುಆ ಮಾಡಬೇಕೆಂದು ಹಲವು ವಿದ್ವಾಂಸರು ಹೇಳಿದ್ದಾರೆ. ಜುಲೈ 4ರ ಫೈನಲ್‌ನಲ್ಲಿ ಭಾರತ ಶೂಟೌಟ್‌ನಲ್ಲೇ ಕುವೈತನ್ನು ಸೋಲಿಸಿತು. ಛೆಟ್ರಿ 5 ಗೋಲುಗಳೊಡನೆ ಮೊದಲಿಗರಾದರು. ಅಂದಿನ ಪಂದ್ಯದಲ್ಲಿ ಚಾಂಗ್ಟೆ ಹೊಡೆದ ಗೋಲಿನ ಪಕ್ಕದಲ್ಲಿ ಹುಡುಗ ತಾನಾಗಿಯೇ 'ಚೆಂಡು ಕೊಟ್ಟವರು ಸಹಲ್' ಎಂದು ಬರೆದ. ಅನ್ವರ್ ಅಲಿಯ ಹೆಸರನ್ನು ಹೊಡೆದುಹಾಕಲೇ ಎಂದು ಕೇಳಿದ. ಬೇಡ, ಆದದ್ದು ಆಗಿದೆ ಎಂದೆ. ಅದರ ಪಕ್ಕ 'ಜುಲೈ 1' ಎಂದು ಬರೆಸಿದೆ.