ಚತುರಾಹಾರತ್ಯಾಗ ಮತ್ತು ತಂಬಾಕು: ಒಂದು ವಿಚಾರ

ಅಶನ, ಖಾದ್ಯ, ಲೇಹ್ಯ, ಪೇಯ ಎಂಬ ಚತುರ್ವಿಧಾಹಾರಗಳ ತ್ಯಾಗವೇ ಉಪವಾಸವೆಂಬುದು ಶ್ರಾವಕ ಕುಟುಂಬಗಳಲ್ಲಿ ಮಕ್ಕಳಿಗೂ ತಿಳಿದ ವಿಷಯ. ಅಷ್ಟಮಿ ಚತುರ್ದಶಿಗಳಂದು ನೀರನ್ನೂ ಮುಟ್ಟದ ಹಿರಿಯರು ಇಂದಿಗೂ ಇದ್ದಾರೆ. ಆದರೆ ಅವರಲ್ಲಿಯೇ ಕೆಲವರು ಹೊಗೆಸೊಪ್ಪಿನ ಚೂರನ್ನು ಸುಣ್ಣದೊಡನೆ ತಿಕ್ಕಿ ದವಡೆಯಲ್ಲಿರಿಸಿಕೊಳ್ಳುವುದುಂಟು. ಬೆಳಗಾವಿಯ ಕಡೆ ಸುಟ್ಟ ತಂಬಾಕಿನ ಪುಡಿಯಾದ ಮಿಸ್ರಿಯಿಂದ ಹಲ್ಲುಜ್ಜುವ ಶ್ರಾವಿಕೆಯರೂ ಉಂಟು. ಕೇಳಿದರೆ, “ನುಂಗುವುದಿಲ್ಲವಲ್ಲ, ಉಗುಳಿಬಿಡುತ್ತೇವೆ, ಇದು ಆಹಾರವಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರವನ್ನು ನಗೆಯಾಡಿ ತಳ್ಳಿಬಿಡುವುದು ನ್ಯಾಯವಲ್ಲ. ಆಹಾರದ ನಾಲ್ಕು ವಿಧಗಳಲ್ಲಿ ತಂಬಾಕಿನ ಉಲ್ಲೇಖವಿಲ್ಲ, ಸಪ್ತವ್ಯಸನಗಳಲ್ಲಿಯೂ ಇಲ್ಲ. ಇರುವುದಾದರೂ ಹೇಗೆ? ಆ ಗಿಡ ಅಮೆರಿಕ ಖಂಡದ್ದು. ಪೋರ್ಚುಗೀಸರ ಮೂಲಕ ಈ ದೇಶಕ್ಕೆ ಬಂದದ್ದು. ಅಕ್ಬರನ ಆಸ್ಥಾನಕ್ಕೆ ಅದನ್ನು ಕೊಂಡೊಯ್ದ ಅಸದ್ ಬೇಗನಿಗೆ ಅದು ದೊರೆತದ್ದು ಬಿಜಾಪುರದಲ್ಲಿ, 17ನೆಯ ಶತಮಾನದ ಆರಂಭದಲ್ಲಿ. ಪೂರ್ವಾಚಾರ್ಯರು ಕಾಣದ ವಸ್ತುವನ್ನು ಅವರು ನಿಷೇಧಿಸಲಿಲ್ಲವೆಂದು ಹೇಳುವುದರಿಂದ ಏನೂ ಸಿದ್ಧವಾಗುವುದಿಲ್ಲ.

ಆದರೆ ನುಂಗುವುದೇ ಉಪವಾಸಭಂಗದ ಅಳತೆಯೇ ಎಂಬುದಕ್ಕೆ ಶಾಸ್ತ್ರದಲ್ಲಿ ಉತ್ತರವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದ ದಿನ ಬಿಡತಕ್ಕವುಗಳನ್ನು ಹೇಳುವಾಗ ಗಂಧ, ಪುಷ್ಪ, ಸ್ನಾನ, ಅಂಜನಗಳೊಡನೆ ನಸ್ಯವನ್ನೂ ಸೇರಿಸಿದ್ದಾರೆ. ಅಂದಿನ ನಸ್ಯವು ಮೂಗಿಗೆ ಹಾಕುವ ಔಷಧವೇ ಹೊರತು ಇಂದಿನ ಡಬ್ಬಿಯ ನಶ್ಯವಲ್ಲ, ನಿಜ. ಆದರೂ ಇವುಗಳಲ್ಲಿ ಒಂದನ್ನೂ ಯಾರೂ ನುಂಗುವುದಿಲ್ಲ. ಕಣ್ಣು, ಮೂಗು, ಚರ್ಮಗಳ ಮೂಲಕ ಒದಗುವ ಸುಖವನ್ನೂ ಆಚಾರ್ಯರು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಹೀಗಿರುವಲ್ಲಿ ದವಡೆಯ ಸೊಪ್ಪಿಗೆ ವಿನಾಯಿತಿ ಎಲ್ಲಿಂದ ಬಂದೀತು?

ವೈದ್ಯಶಾಸ್ತ್ರವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಉಗುಳಿದರೂ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತವನ್ನು ಸೇರುತ್ತದೆ. ಸುಣ್ಣದ ಕ್ಷಾರವು ಅದಕ್ಕೆ ದಾರಿಯನ್ನು ಸುಗಮಗೊಳಿಸುತ್ತದೆ. ಅದರ ಪ್ರಚೋದನೆಯಿಂದ ಅಡ್ರಿನಲಿನ್ ಸ್ರವಿಸಿ, ನಾಡಿಯ ವೇಗ ಹೆಚ್ಚಿ, ರಕ್ತನಾಳಗಳು ಸಂಕುಚಿತವಾಗಿ, ರಕ್ತದ ಒತ್ತಡ ಏರುತ್ತದೆ. ಬೀಡಿ ಸಿಗರೇಟುಗಳಲ್ಲಿ ಇದರ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಅನಿಲವು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ಹೊಗೆಯು ನಾಳಗಳ ಒಳಪದರವನ್ನು ಕೆಡಿಸಿ, ರಕ್ತ ಹೆಪ್ಪುಗಟ್ಟುವಂತೆ ಮಾಡುತ್ತದೆ. 52 ರಾಷ್ಟ್ರಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಂಬಾಕು ಮುಟ್ಟದವರಿಗಿಂತ ಸೇದುವವರಲ್ಲಿ ಹೃದಯಾಘಾತದ ಸಂಭವ ಸುಮಾರು ಮೂರು ಪಟ್ಟು, ಜಗಿಯುವವರಲ್ಲಿ ಎರಡು ಪಟ್ಟಿಗೂ ಹೆಚ್ಚು ಎಂದು ಕಂಡುಬಂದಿತು. ಶ್ರಾವಕನು ಹೇಳಿಕೊಳ್ಳುವ ದಶಪ್ರಾಣಗಳಲ್ಲಿ ಕಾಯಬಲ, ಶ್ವಾಸೋಚ್ಛ್ವಾಸ, ಆಯು ಈ ಮೂರಕ್ಕೂ ಇಲ್ಲಿ ಘಾತವಿದೆ. ಪ್ರಮಾದಯೋಗದಿಂದ ಪ್ರಾಣಗಳಿಗಾಗುವ ಘಾತವೇ ಹಿಂಸೆಯೆಂದು ಉಮಾಸ್ವಾಮಿಗಳು ಹೇಳುವಾಗ ಸ್ವಂತ ಪ್ರಾಣವನ್ನು ಅದರಿಂದ ಹೊರತುಪಡಿಸಿಲ್ಲ.

ಕೆಲವರು ಪರಿಮಾಣವ್ರತದ ಆಸರೆ ಹಿಡಿಯುತ್ತಾರೆ: ದಿನಕ್ಕೆ ಒಂದೇ ಬೀಡಿ, ಅದಕ್ಕಿಂತ ಹೆಚ್ಚಿಲ್ಲ. ಧಾನ್ಯ, ವಸ್ತ್ರ, ಹಣಗಳ ವಿಷಯದಲ್ಲಿ ಅರ್ಧಕ್ಕೆ ಇಳಿಸಿದರೆ ದೋಷವೂ ಅರ್ಧಕ್ಕೆ ಇಳಿಯುತ್ತದೆಂದು ಭಾವಿಸಬಹುದು. ಹೃದಯದ ಲೆಕ್ಕ ಹಾಗಿಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದರಂತೆ, ದಿನಕ್ಕೆ 20 ಸಿಗರೇಟು ಸೇದುವುದರಿಂದ ಒದಗುವ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಪುರುಷರಿಗೆ ಸುಮಾರು ಅರ್ಧದಷ್ಟು, ಸ್ತ್ರೀಯರಿಗೆ ಸುಮಾರು ಮೂರನೆಯ ಒಂದರಷ್ಟು, ಒಂದೇ ಸಿಗರೇಟಿನಿಂದಲೂ ಬರುತ್ತದೆ. ಅನಿಷ್ಟವಾದುದನ್ನು ಮಿತಗೊಳಿಸಿರೆಂದಲ್ಲ, ಬಿಡಿರೆಂದೇ ಸಮಂತಭದ್ರರ ಅಭಿಪ್ರಾಯ. ಮಿತಿಯ ಮಾತು ಯೋಗ್ಯವಾದ ವಿಷಯಗಳಿಗೆ ಸಂಬಂಧಿಸಿದ್ದು.

ಇನ್ನು ಹೊಸ ವಸ್ತುಗಳು. ವಿದ್ಯುತ್ ಸಿಗರೇಟನ್ನು ಕರ್ನಾಟಕವು 2016ರಲ್ಲಿಯೂ ಭಾರತ ಸರ್ಕಾರವು 2019ರಲ್ಲಿಯೂ ನಿಷೇಧಿಸಿದವು. ಹೊರದೇಶಗಳಲ್ಲಿರುವ ಯುವಕರು ಈಗ ತುಟಿಯ ಒಳಗೆ ಇರಿಸಿಕೊಳ್ಳುವ ನಿಕೋಟಿನ್‌ನ ಸಣ್ಣ ಚೀಲಗಳನ್ನು ಬಳಸುತ್ತಾರೆ. ಅದರಲ್ಲಿ ಬೆಂಕಿಯಿಲ್ಲ, ಹೊಗೆಯಿಲ್ಲ, ಎಲೆಯೂ ಇಲ್ಲ. ಅಗ್ನಿಕಾಯ ವಾಯುಕಾಯ ಜೀವಗಳ ವಿರಾಧನೆ ತಪ್ಪಿತು, ಪಕ್ಕದಲ್ಲಿ ಕುಳಿತ ಮಗುವಿಗೆ ಹೊಗೆಯ ಬಾಧೆಯೂ ಇಲ್ಲ. ಇದು ಸುಳ್ಳಲ್ಲ, ಸಿಗರೇಟಿಗಿಂತ ಇದರ ಕೇಡು ಕಡಿಮೆಯೆಂದು ಒಪ್ಪಲೇಬೇಕು. ಆದರೆ ನಾಡಿಯನ್ನು ಓಡಿಸುವ ನಿಕೋಟಿನ್ ಅಲ್ಲಿಯೂ ಅದೇ, ಅದಕ್ಕಾಗಿ ಹಾತೊರೆಯುವ ಮನಸ್ಸೂ ಅದೇ. ಎಲೆಯ ತ್ಯಾಗ ಮಾಡಿ ಅದರ ಸಾರವನ್ನು ಉಳಿಸಿಕೊಂಡವನು ಏನನ್ನು ಬಿಟ್ಟನು?

ಹಾಗಾದರೆ ವೈದ್ಯರು ಕೊಡುವ ನಿಕೋಟಿನ್ ಗಮ್ ಕೂಡ ದೋಷವೇ? ಅಲ್ಲ. 4 ಮಿಲಿಗ್ರಾಂನಿಂದ 2ಕ್ಕೆ, 2ರಿಂದ ಶೂನ್ಯಕ್ಕೆ ಇಳಿಯುವ ಸಂಕಲ್ಪದಿಂದ ತೆಗೆದುಕೊಂಡದ್ದು ಔಷಧ. ಅದೇ ಗಮ್ಮನ್ನು ವರ್ಷಗಟ್ಟಲೆ ಜಗಿಯುತ್ತಿದ್ದರೆ ಅದು ವ್ಯಸನದ ಮತ್ತೊಂದು ಹೆಸರು. ವಸ್ತು ಒಂದೇ, ಅಭಿಸಂಧಿ ಬೇರೆ. ಕಾಲಮಿತಿಯುಳ್ಳ ತ್ಯಾಗವು ನಿಯಮ, ಆಜೀವ ತ್ಯಾಗವು ಯಮ ಎಂಬ ಶಾಸ್ತ್ರದ ವಿಭಾಗ ಇಲ್ಲಿ ಬಹಳ ಉಪಯುಕ್ತ. ಆಜೀವವ್ರತಕ್ಕೆ ಅಂಜುವವನು ನಿಯಮದಿಂದ ತೊಡಗಬಹುದು.

ಅದಕ್ಕೆ ದಶಲಕ್ಷಣ ಪರ್ವಕ್ಕಿಂತ ಉತ್ತಮ ಕಾಲವಿಲ್ಲ. ಪರ್ವದಲ್ಲಿ ಉಪವಾಸ ಮಾಡಿದ ಕೆಲವರು ತಲೆನೋವು, ಸಿಡುಕು, ನಿದ್ರಾಭಂಗಗಳನ್ನು ಉಪವಾಸದ ಮೇಲೆ ಹೊರಿಸುತ್ತಾರೆ. ಎಷ್ಟೋ ವೇಳೆ ಅವು ತಂಬಾಕು ನಿಂತದ್ದರ ಫಲ. ಆ ಕಷ್ಟವು ಮೊದಲ ಮೂರು ದಿನ ತೀವ್ರವಾಗಿದ್ದು, ಆಮೇಲೆ ಕೆಲವು ವಾರಗಳಲ್ಲಿ ಕ್ರಮೇಣ ಇಳಿಯುತ್ತದೆ. ಉತ್ತಮ ಕ್ಷಮೆಯಿಂದ ಆರಂಭಿಸಿದವನು ಉತ್ತಮ ಬ್ರಹ್ಮಚರ್ಯದ ದಿನವನ್ನು ಮುಟ್ಟುವಷ್ಟರಲ್ಲಿ ಅದರ ಅತಿ ಕಠಿಣ ಭಾಗವನ್ನು ದಾಟಿರುತ್ತಾನೆ. ಸೇದುವುದನ್ನು ಬಿಟ್ಟವನ ಹೆಚ್ಚುವರಿ ಹೃದ್ರೋಗದ ಅಪಾಯ ಒಂದು ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಎಂದರೆ ಮುಂದಿನ ಭಾದ್ರಪದದ ಹೊತ್ತಿಗೆ. ಹೃದ್ರೋಗಕ್ಕೆ ಔಷಧ ಸೇವಿಸುತ್ತಿರುವವರು ಇದಕ್ಕಾಗಿ ನಿರಾಹಾರ ಇರಬೇಕಾಗಿಲ್ಲ; ವೈದ್ಯರನ್ನು ಕೇಳಿ ಏಕಭುಕ್ತದಲ್ಲಿದ್ದುಕೊಂಡೇ ತಂಬಾಕಿನ ನಿಯಮವನ್ನು ಹಿಡಿಯಬಹುದು.